ನಾಲ್ಕನೆಯ ಕಾಲಮ್ಮಿನಲ್ಲಿ ಬಸ್ಸು ಹತ್ತಿದ ತಾಯಿ

ನನ್ನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಮೊನ್ನೆ ಫೋನು ಮಾಡಿದ್ದಳು.

“ಸರ್, ಈ ಕೆಲಸದಾಗ ಖರೆ ಖರೆ ಏನ್ ಮಾಡಬೇಕ್ರಿ?”

“ಸಿನಿಮಾ ನೋಡಬೇಕವ್ವ,” ಅಂದೆ.

“ಅಷ್ಟಽ ಏನ್ರಿ?”

“ಅಷ್ಟಽ. ನೋಡಿದ ಮ್ಯಾಲ ಅದರಾಗ ಇಲ್ಲದ್ದು ಏನೇನದ ಅಂತ ವರದಿ ಬರೀಬೇಕು.”

ಆಕೆ ಮುದುಕನಿಗೆ ಬಿಸಿಲು ಹತ್ತಿದೆ ಎಂದುಕೊಂಡಿರಬೇಕು. ಬಿಸಿಲು ಹತ್ತಿರುವುದು ನಿಜವೇ, ಮೂವತ್ತು ವರ್ಷಕ್ಕೂ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಸರ್ಕಾರಿ ಪ್ರಚಾರದ ಗಾಡಿಯೊಳಗೆ ಕುಳಿತು ತಿರುಗಿದವನು ನಾನು. ಆದರೆ ಹೇಳಿದ ಮಾತು ಸುಳ್ಳಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಬಡ್ತಿ ಎರಡೇ ಬಾರಿ ಸಿಕ್ಕಿದ್ದು, ಶಾಲಂತೂ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು.

ನಮ್ಮ ಕೆಲಸ ಇಷ್ಟು. ಹಳ್ಳಿಗಳಲ್ಲಿ ತೋರಿಸಲು ಕಚೇರಿಗೆ ಸಣ್ಣ ದೊಡ್ಡ ಚಿತ್ರಗಳು ಬರುತ್ತವೆ. ಲಸಿಕೆಯದು, ಬಾಲ್ಯವಿವಾಹದ್ದು, ಕೈ ತೊಳೆಯುವುದರದ್ದು. ಅವನ್ನು ಮೊದಲು ನಾವು ನೋಡಬೇಕು, ಮಂದಿಗೆ ತೋರಿಸಿ ಪರೀಕ್ಷಿಸಬೇಕು, ಆಮೇಲೆ ಒಂದು ಉದ್ದನೆಯ ಫಾರಮ್ಮು ತುಂಬಬೇಕು. ಆ ಫಾರಮ್ಮಿನ ನಾಲ್ಕನೆಯ ಕಾಲಮ್ಮು: ‘ಚಿತ್ರದಲ್ಲಿ ರಾಜಕೀಯ ಅಂಶ ಇದೆಯೇ?’ ಐದನೆಯದು: ‘ಚಿತ್ರದಲ್ಲಿ ತೋರಿಸಿದ ಕುಟುಂಬ ಯಾವ ಸಮುದಾಯಕ್ಕೆ ಸೇರಿದ್ದು? ಯಾರ ಭಾವನೆಗಾದರೂ ಧಕ್ಕೆ ಇದೆಯೇ?’ ಉಳಿದ ಕಾಲಮ್ಮುಗಳನ್ನು ನಿದ್ದೆಗಣ್ಣಿನಲ್ಲೂ ತುಂಬಬಹುದು. ಈ ಎರಡು ಮಾತ್ರ ನನ್ನ ಜೀವ ತಿಂದವು.

ಸೇರಿದ ಹೊಸದರಲ್ಲಿ ಎಲ್ಲವೂ ರೀಲು. ಊರ ಹೊರಗಿನ ಬಯಲಲ್ಲಿ ಎರಡು ಬಿದಿರು ನೆಟ್ಟು ಬಿಳಿ ಪರದೆ ಕಟ್ಟಿದರೆ ಅದೇ ಟಾಕೀಜು. ಒಮ್ಮೆ ಅಫಜಲಪುರದ ಕಡೆಯ ಹಳ್ಳಿಯಲ್ಲಿ ಕುಟುಂಬ ಯೋಜನೆಯ ಚಿತ್ರ ಹಾಕಿದೆ. ಮೊದಲನೆಯ ರೀಲಿನಲ್ಲಿ ಎಂಟು ಮಕ್ಕಳ ಮನೆ, ಒಂದೇ ಗದ್ದಲ. ಎರಡನೆಯದರಲ್ಲಿ ಎರಡು ಮಕ್ಕಳ ಮನೆ, ನಗು ನೆಮ್ಮದಿ. ನಾನು ಗಡಿಬಿಡಿಯಲ್ಲಿ ಎರಡನೆಯದನ್ನು ಮೊದಲು ಹಾಕಿಬಿಟ್ಟೆ. ಮಂದಿಗೆ ಕಂಡದ್ದು ಏನು? ಎರಡು ಮಕ್ಕಳಿದ್ದ ಬಡಪಾಯಿಗಳ ಮನೆ ಬರಬರುತ್ತ ಎಂಟು ಮಕ್ಕಳಿಂದ ತುಂಬಿ ಜಾತ್ರೆಯಾಯಿತು! ಚಿತ್ರ ಮುಗಿದಾಗ ಊರ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, “ಸರ್ಕಾರದವ್ರು ಭಾರಿ ಛಂದ ತೋರ್ಸಿರಿ, ದೇವರು ಎಲ್ಲಾರಿಗೂ ಹಿಂಗಽ ಕೊಡ್ಲಿ,” ಎಂದರು. ವರದಿಯಲ್ಲಿ ನಾನು ‘ಜನರ ಪ್ರತಿಕ್ರಿಯೆ ಉತ್ಸಾಹದಾಯಕ’ ಎಂದು ಬರೆದೆ. ಅದೂ ಸುಳ್ಳಲ್ಲ.

ಜೇವರ್ಗಿಯ ಎತ್ತಿನ ಕಥೆ ಇದಕ್ಕಿಂತ ನಾಚಿಕೆಗೇಡು. ದನಗಳ ಕಾಲುಬಾಯಿ ಬೇನೆಗೆ ಲಸಿಕೆ ಹಾಕಿಸಿ ಎನ್ನುವ ಹತ್ತು ನಿಮಿಷದ ಚಿತ್ರ. ಅದರಲ್ಲಿ ನಟಿಸಿದ ಎತ್ತು ಅಲ್ಲಿಯದೇ. ಅದರ ಒಂದು ಕೊಂಬಿಗೆ ಕೇಸರಿ, ಇನ್ನೊಂದಕ್ಕೆ ಹಸಿರು. ನಾನಾಗ ನಾಲ್ಕನೆಯ ಕಾಲಮ್ಮಿನ ಅಮಲಿನಲ್ಲಿದ್ದೆ. ‘ಎತ್ತಿನ ಕೊಂಬುಗಳ ಬಣ್ಣ ಪರಿಶೀಲನೆಗೆ ಅರ್ಹ’ ಎಂದು ಷರಾ ಬರೆದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಸಾಹೇಬರು ಆಗ ಇದ್ದರು. ನನ್ನ ಜಾಗರೂಕತೆಯನ್ನು ಹೊಗಳಿ ಚಿತ್ರವನ್ನು ಕಪಾಟಿಗೆ ಹಾಕಿದರು. ಆ ವರ್ಷ ಲಸಿಕೆ ಹಾಕಿಸುವ ಹಂಗಾಮೇ ಮುಗಿದುಹೋಯಿತು. ಕಡೆಗೊಂದು ದಿನ ಎತ್ತಿನ ಯಜಮಾನ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಆ ಎರಡು ಬಣ್ಣ ಯಾಕೆ ಹಚ್ಚಿದೆಯಪ್ಪ ಎಂದು ಕೇಳಿದೆ.

“ಕಾರಹುಣ್ಣಿಮಿ ದಿನ ತಡಾ ಆಗಿ ಹೋದೆರಿ. ಅಂಗಡ್ಯಾಗ ಉಳದಿದ್ದ ಬಣ್ಣ ಎರಡಽ ಇದ್ದವು,” ಅಂದ.

ಅಂದಿನಿಂದ ಬುದ್ಧಿ ಬಂತೇ? ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ರೀಲು ಹೋಗಿ ಸೀಡಿ ಬಂತು, ಸೀಡಿ ಹೋಗಿ ಹೆಬ್ಬೆರಳಿನಷ್ಟು ಪೆನ್‌ಡ್ರೈವು ಬಂತು. ಫಾರಮ್ಮು ಮಾತ್ರ ಅದೇ. ನನ್ನ ನೌಕರಿಯ ಕೊನೆಯ ವರ್ಷ ಅಂಥದೊಂದು ಪೆನ್‌ಡ್ರೈವು ಹಿಡಿದುಕೊಂಡು ನೀಲಾ ಕಚೇರಿಗೆ ಬಂದಳು. ಅಫಜಲಪುರದ ಕಡೆಯ ಹುಡುಗಿ, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದಿದವಳು, ಇಪ್ಪತ್ತೈದರ ಆಸುಪಾಸು. ಒಂದು ತಾಸಿನ ಸಿನಿಮಾ ತೆಗೆದಿದ್ದಳು, ಹೆಸರು ‘ಸುಮ್ನ ಕೂಡು’.

ಕಥೆ ಇಷ್ಟೇ. ಹಳ್ಳಿಯ ಒಬ್ಬ ತಾಯಿ, ಮೂರು ಮಕ್ಕಳು, ಕೊನೆಯದು ಮೊಲೆ ಕುಡಿಯುವ ಕೂಸು. ನಸುಕಿಗೆ ಏಳುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನೀರು ತರುತ್ತಾಳೆ, ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ, ಬಂದು ಮತ್ತೆ ರೊಟ್ಟಿ ಬಡಿಯುತ್ತಾಳೆ. ಅಳುವ ಮಕ್ಕಳಿಗೆಲ್ಲ “ಸುಮ್ನ ಕೂಡು” ಎನ್ನುತ್ತಾಳೆ. ಗಂಡ ಕುಡುಕನಲ್ಲ, ಹೊಡೆಯುವವನಲ್ಲ, ಒಳ್ಳೆಯವನೇ. ಅವನಿಗೆ ಏನೂ ಕಾಣುವುದಿಲ್ಲ, ಅಷ್ಟೇ. ಒಂದು ದಿನ ಆಕೆ ಕೂಸನ್ನು ತೊಟ್ಟಿಲಿಗೆ ಹಾಕಿ, ಅತ್ತೆಗೆ ಒಂದು ಮಾತು ಹೇಳಿ, ಹೊರಗೆ ಬಂದು, ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಬಸ್ಸು ಹತ್ತುತ್ತಾಳೆ. ಎಲ್ಲಿಗೂ ಹೋಗುವುದಿಲ್ಲ. ಕಿಟಕಿಗೆ ತಲೆಯಾನಿಸಿ ಮಲಗುತ್ತಾಳೆ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು ಎಬ್ಬಿಸುತ್ತಾನೆ. ಅದೇ ಬಸ್ಸಿನಲ್ಲಿ ತಿರುಗಿ ಬಂದು ಒಲೆ ಹಚ್ಚುತ್ತಾಳೆ. ಮುಗಿಯಿತು. ಯಾರೂ ಸಾಯುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ.

“ಇದು ಕಟ್ಟಿದ ಕಥಿ ಅಲ್ಲರಿ ಕಾಕಾ,” ಎಂದಳು ನೀಲಾ. ನಾನು ಸರ್ ಆಗಿದ್ದವನು ಎರಡನೆಯ ಮಾತಿಗೇ ಕಾಕಾ ಆಗಿದ್ದೆ. “ನಮ್ಮಕ್ಕಂದು. ನಿಂಬರ್ಗಾಕ್ಕ ಕೊಟ್ಟೀವಿ, ಶಾಂತಕ್ಕ ಅಂತ. ಅಕಿ ಹಿಂಗಽ ಒಂದಿನ ಬಸ್ ಹತ್ತಿ ಕುಂತಳು. ಸಂಜೀಕ ಬಂದಳು. ಅವತ್ತಿಂದ ಊರ ಮಂದಿ ಅಕಿಗಿ ತಲಿ ಕೆಟ್ಟಾಕಿ ಅಂತಾರ. ಅವರತ್ತಿ ಕೂಸಿನ್ನ ಅಕಿ ಕೈಯಾಗ ಒಬ್ಬಾಕಿ ಇದ್ದಾಗ ಕೊಡಾಂಗಿಲ್ಲ. ಮತ್ತ ಎಲ್ಲಿ ಬಿಟ್ಟು ಹೋಗತಾಳೋ ಅಂತ. ಹೆತ್ತ ತಾಯಿಗಿ ಕಾವಲು, ಕಾಕಾ!”

“ನಾ ಏನ್ ಮಾಡಬೇಕವ್ವ?”

“ಆ ಊರಾಗ ಇದನ್ನ ತೋರಸ್ರಿ. ನಾ ಹೇಳಿದರ ತಂಗಿ ಅಂತಾರ. ಸರ್ಕಾರದ ಗಾಡಿ ಬಂದು ತೋರಿಸಿದರ ನೋಡ್ತಾರ.”

ಅಂದರೆ ಚಿತ್ರ ಪಾಸಾಗಬೇಕು, ಗಾಡಿಯ ವರ್ಷದ ಪಟ್ಟಿಗೆ ಸೇರಬೇಕು. ಅದಕ್ಕೆ ನನ್ನ ಫಾರಮ್ಮು ಬೇಕು. ಆ ಹುಡುಗಿಯ ಅಕ್ಕನ ಮಾನ ನನ್ನ ಬಾಲ್‌ಪೆನ್ನಿನ ತುದಿಗೆ ಬಂದು ಕೂತಿತ್ತು.

ಮೊದಲು ಕಚೇರಿಯಲ್ಲಿ ಸಮಿತಿಯ ವೀಕ್ಷಣೆ. ನಮ್ಮ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ವಿವಾದ ಎಂಬ ಶಬ್ದ ಕೇಳಿದರೆ ಗುಳಿಗೆ ನುಂಗುವವರು. ಜೊತೆಗೆ ಇಬ್ಬರು ಹಿರಿಯ ಸದಸ್ಯರು. ಒಬ್ಬರು ಆಳಂದ ಕಡೆಯ ಪಾಟೀಲರು, ಹಣೆ ತುಂಬ ವಿಭೂತಿ, ಶರಣರ ಮನೆತನ. ಇನ್ನೊಬ್ಬರು ಜೇವರ್ಗಿಯ ಖಾದರ ಮಾಸ್ತರರು, ನಿವೃತ್ತ ಶಿಕ್ಷಕರು. ಇಬ್ಬರೂ ಹಳೆಯ ಗೆಳೆಯರು, ಒಂದೇ ತಟ್ಟೆಯ ಮಿರ್ಚಿ ಭಜಿ ತಿನ್ನುವವರು.

ಚಿತ್ರ ಮುಗಿಯಿತು. ದೀಪ ಹಾಕಿದೆ. ಐದನೆಯ ಕಾಲಮ್ಮಿನಿಂದ ಚರ್ಚೆ ಶುರುವಾಯಿತು: ಈ ತಾಯಿ ಯಾವ ಮಂದಿ?

“ನಮ್ಮಾಕಿ ಅಲ್ಲ ಬಿಡ್ರಿ,” ಎಂದರು ಪಾಟೀಲರು. “ನಮ್ಮ ಹೆಣ್ಮಕ್ಕಳು ಕೂಸಿಗಿ ಹಂಗ ಬೈಯಾಂಗಿಲ್ಲ. ಹಣಿಮ್ಯಾಲ ಕುಂಕುಮಾನೂ ಇಲ್ಲ ನೋಡ್ರಿ.”

“ಬೆವರಿಗಿ ಅಳಿಸಿ ಹೋಗ್ಯಾದ್ರಿ ಗೌಡ್ರ,” ಎಂದರು ಮಾಸ್ತರರು. “ನಮ್ಮಾಕಿ ಅಂತೂ ಆಗಲಿಕ್ಕೇ ಸಾಧ್ಯ ಇಲ್ಲ. ನಮ್ಮಲ್ಲಿ ಮಾ ಅಂದ್ರ ಅಕಿ ಪಾಂವ್ ಕೆಳಗ ಜನ್ನತ್ ಅದ. ಅಂಥಾಕಿ ಬಸ್ಸಿನಾಗ ಹೋಗಿ ಮಲಗ್ತಾಳೇನ್ರಿ?”

“ತಲಿ ಮ್ಯಾಲ ಸೆರಗು ಹೊತ್ಕೊಂಡಾಳಲ್ಲ?”

“ಸೆರಗು ನಿಮ್ಮ ಮನ್ಯಾಗೂ ಹೊರತಾರ, ನಮ್ಮ ಮನ್ಯಾಗೂ ಹೊರತಾರ. ಅದ್ಯಾವ ಪುರಾವಾ?”

ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆವು. ಬಳೆ ಎಣಿಸಿದೆವು. ಕೊರಳಲ್ಲಿ ಏನಿದೆ ಎಂದು ಚಿತ್ರ ನಿಲ್ಲಿಸಿ ಕನ್ನಡಕ ಒರೆಸಿ ಇಣುಕಿದೆವು. ಕೂಸು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ರೊಟ್ಟಿಗೆ ಹಚ್ಚಿಕೊಂಡದ್ದು ಅಗಸಿ ಹಿಂಡಿ. ಅದು ಯಾರ ಮನೆಯಲ್ಲಿಲ್ಲ? ನಾಲ್ವರು ಗಂಡಸರು, ಇನ್ನೂರು ವರ್ಷಕ್ಕೂ ಮೇಲಿನ ವಯಸ್ಸು ಕೂಡಿಸಿಕೊಂಡು, ಒಬ್ಬ ಹೆಣ್ಣುಮಗಳು ಯಾರವಳಲ್ಲ ಎಂದು ಸಾಬೀತು ಮಾಡಲು ಬೆವರು ಸುರಿಸಿದೆವು. ಕಡೆಗೆ ಪಾಟೀಲರೂ ಮಾಸ್ತರರೂ ಒಂದು ಮಾತಿಗೆ ಬಂದರು: ಈಕೆ ನಮ್ಮ ಜಿಲ್ಲೆಯವಳೇ ಅಲ್ಲ, ಸೊಲ್ಲಾಪುರದ ಕಡೆಯವಳಿರಬೇಕು. ದಣಿದವಳನ್ನು ಗಡಿ ದಾಟಿಸಿದ ಮೇಲೆ ಇಬ್ಬರಿಗೂ ಸಮಾಧಾನವಾಯಿತು.

ನಾಲ್ಕನೆಯ ಕಾಲಮ್ಮಿಗೆ ಬಂದಾಗ ಸಾಹೇಬರ ಗುಳಿಗೆ ಹೊರಗೆ ಬಂತು. “ಆ ಬಸ್ಸು ಯಾಕ್ರೀ ಬೇಕಿತ್ತು? ಎತ್ತಿನ ಗಾಡೀಲಿ ಹೋಗಬಾರ್ದಿತ್ತಾ?”

ಪುಕ್ಕಟೆ ಬಸ್ಸು ತೋರಿಸಿದ್ದು ಸರ್ಕಾರದ ತುತ್ತೂರಿ ಊದಿದ ಹಾಗೆ ಎಂದರು ಪಾಟೀಲರು. ಅಲ್ಲ, ಹೆಂಗಸರು ಬಸ್ಸಿನಲ್ಲಿ ನಿದ್ದೆ ಮಾಡಲು ಹೋಗುತ್ತಾರೆ ಎಂದು ಯೋಜನೆಯನ್ನೇ ಹಂಗಿಸಿದ ಹಾಗೆ ಎಂದರು ಮಾಸ್ತರರು. ಒಂದೇ ಬಸ್ಸು ಒಬ್ಬರಿಗೆ ಆಳುವ ಪಕ್ಷದ್ದು, ಇನ್ನೊಬ್ಬರಿಗೆ ವಿರೋಧ ಪಕ್ಷದ್ದು. ನಾನು ಮಧ್ಯೆ ಬಾಯಿ ಹಾಕಿ, ಬಸ್ಸಿನ ಹಿಂದೆ ಯಾವ ಜಾಹೀರಾತು ಇತ್ತು ನೋಡೋಣವೇ ಎಂದೆ. ನೋಡಿದೆವು. ಹೊಲಿಗೆ ಯಂತ್ರದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ ಬಾಗಿಲ ಬಳಿ ನೀಲಾ ನಿಂತೇ ಇದ್ದಳು. ಅಕ್ಕನ ಬಗ್ಗೆ ಒಬ್ಬರಾದರೂ ಒಂದು ಮಾತಾಡುತ್ತಾರೇನೋ ಎಂದು ಆಕೆ ಕಾದಿದ್ದಳು ಎಂಬುದು ನನಗೆ ಆಗ ಹೊಳೆಯಲಿಲ್ಲ.

“ಹೆಣ್ಣುಮಕ್ಕಳಿಗೆ ತೋರಿಸಿ, ಗುರುಲಿಂಗಪ್ಪ,” ಎಂದರು ಸಾಹೇಬರು ನನಗೆ. “ಅವರೇ ಬೇಡ ಅಂದುಬಿಟ್ರೆ ನಮ್ಮ ತಲೆ ಮೇಲೆ ಬರಲ್ಲ. ಎರಡು ಕಡೆ ತೋರಿಸಿ ಸಾಕು.”

ಒಂದು ಮಣ್ಣೂರ, ಇನ್ನೊಂದು ನಿಂಬರ್ಗಾ ಎಂದು ನಾನೇ ಆರಿಸಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ನಮ್ಮ ಫಾರಮ್ಮಿನ ಕಡೆಯಲ್ಲಿ ‘ಮಹಿಳೆಯರ ಅಭಿಪ್ರಾಯ’ ಎಂದು ಒಂದು ಜಾಗ ಇತ್ತು. ಇಷ್ಟು ವರ್ಷ ಅದನ್ನು ನಾನು ಹೇಗೆ ತುಂಬುತ್ತಿದ್ದೆ? ಹೆಂಗಸರನ್ನು ಕೇಳುತ್ತಿದ್ದೆ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಪಕ್ಕದಲ್ಲಿದ್ದ ಗಂಡ, “ಅಕಿಗೇನ್ ತಿಳೀತದ, ಛಲೋ ಅದ ಅಂತ ಬರಕೋರಿ,” ಎನ್ನುತ್ತಿದ್ದ. ಬರೆದುಕೊಳ್ಳುತ್ತಿದ್ದೆ. ಗಂಡನೂ ಇಲ್ಲದಿದ್ದರೆ ಗಾಡಿಯಲ್ಲಿ ಕುಳಿತು ನಾನೇ ಬರೆಯುತ್ತಿದ್ದೆ. ನನ್ನ ಕೈಯಲ್ಲಿ ಎಷ್ಟೋ ಸಾವಿರ ಹೆಣ್ಣುಮಕ್ಕಳು ‘ಛಲೋ ಅದ’ ಎಂದಿದ್ದಾರೆ.

ನೀಲಾ ಇದನ್ನು ಹೇಗೋ ಊಹಿಸಿದ್ದಳು. ಅದಕ್ಕೇ ಒಂದು ಕರಾರು ಹಾಕಿದಳು: ಒಳಗೆ ಬರೀ ಹೆಂಗಸರು. ಮಕ್ಕಳೆಲ್ಲ ಹೊರಗೆ, ಅಪ್ಪಂದಿರ ಕೈಯಲ್ಲಿ.

ಮಣ್ಣೂರಿನ ಸಮುದಾಯ ಭವನ. ಮಧ್ಯಾಹ್ನ ಊಟವಾದ ಹೊತ್ತು. ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲು ಮಾಡಿದೆವು. ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ಹೆಂಗಸರು ಜಮಖಾನೆಯ ಮೇಲೆ ಕುಳಿತರು. ಹೊರಗೆ ಬೇವಿನ ಗಿಡದ ಕೆಳಗೆ ಗಂಡಸರು, ಕಂಕುಳಲ್ಲಿ ಕೂಸುಗಳು. ನಮ್ಮ ಡ್ರೈವರ್ ಲಾಲಸಾಬ ಅವರಿಗೆ ಸೇನಾಪತಿ. ಕೂಸುಗಳನ್ನು ಸುಮ್ಮನಿರಿಸಲು ಆತ ಗಾಡಿಯ ಹಾರ್ನು ಹೊಡೆದ, ಸುಮ್ಮನಿದ್ದವೂ ಅಳತೊಡಗಿದವು. ಒಬ್ಬ ಧಡೂತಿ ಆಸಾಮಿ ಮೂರು ಸಲ ಬಾಗಿಲಿಗೆ ಬಂದು, “ಇದು ಯಾಕ ಅಳಾಕತ್ತದ ಅಂತ ಕೇಳ್ರಿ ನಮ್ಮಾಕಿಗಿ,” ಎಂದ. ಮೂರು ಸಲವೂ ನೀಲಾ ಬಾಗಿಲು ಹಾಕಿದಳು.

ಚಿತ್ರ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಮುಂದಿನ ಸಾಲಿನಲ್ಲಿ ಒಬ್ಬಳು ಗೋಡೆಗೆ ಒರಗಿದಳು. ಅವಳ ಹೆಗಲಿಗೆ ಇನ್ನೊಬ್ಬಳು. ಹಿಂದೆ ಒಬ್ಬಳು ಕೈಯನ್ನೇ ದಿಂಬು ಮಾಡಿಕೊಂಡು ಮಲಗಿಯೇ ಬಿಟ್ಟಳು. ಅರ್ಧ ತಾಸಿಗೆ ಇಡೀ ಭವನ ಗೊರಕೆ ಹೊಡೆಯುತ್ತಿತ್ತು. ಎಚ್ಚರವಾಗಿದ್ದವರು ಪರದೆಯ ಮೇಲಿನ ತಾಯಿ, ಪ್ರೊಜೆಕ್ಟರು, ನೀಲಾ ಮತ್ತು ನಾನು. ಕೊನೆಗೆ ಚಿತ್ರದಲ್ಲಿ ಕೂಸು ಕಿಟಾರನೆ ಅಳುತ್ತದೆ ನೋಡಿ, ಆಗ ಎಲ್ಲರೂ ಒಂದೇ ಏಟಿಗೆ ಎದ್ದು ಕುಳಿತರು. ಎಲ್ಲರ ಕೈಯೂ ಪಕ್ಕದ ಜಮಖಾನೆ ತಡವುತ್ತಿತ್ತು.

ನಾನು ಏನು ಬರೆದೆ ಹೇಳಲೇ? ‘ಚಿತ್ರ ನೀರಸ. ಮಹಿಳೆಯರು ನಿದ್ದೆಗೆ ಜಾರಿದರು. ಕೊನೆಯಲ್ಲಿ ಶಬ್ದ ಅತಿಯಾಗಿದೆ.’

ಸಾಹೇಬರಿಗೆ ಹಬ್ಬ. “ನೀರಸ ಅನ್ನೋ ಕಾರಣ ಎಷ್ಟು ಚೆನ್ನಾಗಿದೆ ನೋಡಿ! ಯಾರ ಭಾವನೆಗೂ ಧಕ್ಕೆ ಇಲ್ಲ. ನಿಂಬರ್ಗಾದ್ದೂ ಹೀಗೇ ಬಂದ್ರೆ ಕಡತ ಮುಗಿಸಿಬಿಡೋಣ.”

ನೀಲಾಗೆ ಫೋನಿನಲ್ಲಿ ತಿಳಿಸಿದೆ. ಆಕೆ ಜಗಳಾಡುತ್ತಾಳೆ ಎಂದುಕೊಂಡಿದ್ದೆ. “ಹೌದೇನ್ರಿ,” ಎಂದಳು, ಅಷ್ಟೇ. ಆ ಹೌದೇನ್ರಿ ಎರಡು ದಿನ ನನ್ನ ಕಿವಿಯಲ್ಲಿ ಉಳಿಯಿತು.

ನಿಂಬರ್ಗಾಕ್ಕೆ ಹೊರಟ ದಿನ ಗಾಡಿಯಲ್ಲಿ ಲಾಲಸಾಬನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಆತ ಬ್ರೇಕು ಹಾಕಿ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಇಪ್ಪತ್ತು ವರ್ಷ ಜೊತೆಗಿದ್ದವನು, ನನಗೆ ಬೈಯುವ ಹಕ್ಕು ಇದ್ದವನು.

“ಸಾಹೇಬ್ರ, ನೀವು ಓದಿದವ್ರು. ಖರೆ ಅಂದ್ರ ಜರಾ ಅಕಲ್ ಕಮ್ಮಿ.”

“ಯಾಕೋ?”

“ಅವ್ರು ಪಿಕ್ಚರ್ ಬ್ಯಾಸರಾಗಿ ಮಲಗಿಲ್ರಿ. ಕಂಕುಳಾಗಿನ ಕೂಸು ಒಂದ್ ತಾಸು ಗಂಡನ ಕೈಯಾಗ ಹೋತು, ಕತ್ತಲಿ ಸಿಕ್ತು, ಗಾಳಿ ಸಿಕ್ತು. ಮತ್ತೇನ್ ಮಾಡ್ತಾರ? ಪಿಕ್ಚರಿನಾಗಿನಾಕಿ ಬಸ್ಸಿನಾಗ ಮಲಗಿದಳು, ಇವ್ರು ನಿಮ್ಮ ಮುಂದ ಮಲಗಿದರು. ಹೊರಗ ಬರುವಾಗ ಒಬ್ಬಾಕಿ ನನಗ ಕೇಳಿದಳ್ರಿ, ಅಣ್ಣಾ ಮತ್ತ ಯಾವಾಗ ಬರ್ತೀರಿ, ದಿನಾ ಬರ್ರಿ ಅಂತ. ನೀರಸ ಇದ್ದರ ದಿನಾ ಬರ್ರಿ ಅಂತಾರೇನ್ರಿ?”

ತೊಗರಿ ಹೊಲದ ನಡುವೆ ಗಾಡಿಯಲ್ಲಿ ಕುಳಿತು ನನಗೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೋಡಲಾರದ ನಾನು ಸಿನಿಮಾ ನೀರಸ ಎಂದಿದ್ದೆ. ಶಬ್ದ ಅತಿಯಾಗಿದೆ ಅಂತೆ! ಆ ಕೈಗಳು ಜಮಖಾನೆಯ ಮೇಲೆ ಕೂಸಿಗಾಗಿ ತಡವಿದ್ದನ್ನು ಎರಡು ಕಣ್ಣಿಂದ ಕಂಡು ನಾನು ಪ್ರೊಜೆಕ್ಟರಿನ ಶಬ್ದ ಸಣ್ಣ ಮಾಡಿದ್ದೆ. ಮೂವತ್ತು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ.

ನಿಂಬರ್ಗಾದಲ್ಲಿ ಇನ್ನೊಂದು ತಾಪತ್ರಯ ಕಾದಿತ್ತು. ನಮಗಿಂತ ಮುಂಚೆ ಸಾಹೇಬರೇ ಜೀಪಿನಲ್ಲಿ ಬಂದಿದ್ದರು. ಸೊಸೆಯಂದಿರನ್ನು ಕೆಡಿಸುವ ಸಿನಿಮಾ ಬರುತ್ತದಂತೆ ಎಂದು ಊರಲ್ಲಿ ಗುಸುಗುಸು ಎದ್ದು, ಯಾರೋ ಅವರಿಗೆ ಫೋನು ಮಾಡಿದ್ದರು. ಮುಖ ಬಾಡಿತ್ತು. ಗುಳಿಗೆಯ ಡಬ್ಬಿ ಕೈಯಲ್ಲೇ ಇತ್ತು.

“ಸರ್, ಮಣ್ಣೂರಿನ ವರದಿ ತಪ್ಪದ. ವಾಪಸ್ ಕೊಡ್ರಿ,” ಎಂದೆ.

“ರೀ, ಒಳಗೆ ಬಂದ ವರದಿ ವಾಪಸ್ ಕೊಡೋಕೆ ಬರಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು!”

“ಹಂಗಾರ ಇವತ್ತಿಂದು ನೀವು ಕಣ್ಣಾರೆ ನೋಡ್ರಿ. ಎರಡೂ ಇಟ್ಟು ಯಾವುದು ಖರೆ ನೀವಽ ಹೇಳ್ರಿ.”

ಸಾಹೇಬರಿಗೆ ಈ ಮಾತು ಹಿಡಿಸಲಿಲ್ಲ. ಆದರೂ ಸಮುದಾಯ ಭವನದೊಳಗೆ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತರು. ಗಂಡಸರು ಅಂತ ಒಳಗಿದ್ದವರು ನಾವಿಬ್ಬರೇ.

ಶಾಂತಕ್ಕನನ್ನು ನೀಲಾ ದೂರದಿಂದ ತೋರಿಸಿದಳು. ಕಂಬದ ಪಕ್ಕ ಕೂತ ಸಣಕಲು ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ, ಕಣ್ಣ ಕೆಳಗೆ ಕಪ್ಪು. ಅವಳಿಗೆ ಅಂಟಿಕೊಂಡಂತೆ ಒಬ್ಬ ಮುದುಕಿ, ಬಾಯಲ್ಲಿ ಎಲೆಅಡಿಕೆ, ಸೊಸೆಯ ಮೇಲೆಯೇ ಕಣ್ಣು. ಆಕೆಯೇ ಕಾಶಮ್ಮ, ಅತ್ತೆ. ಕೂಸನ್ನು ಆಕೆ ತನ್ನ ಕೈಯಿಂದಲೇ ಮಗನಿಗೆ ಒಪ್ಪಿಸಿ ಒಳಗೆ ಬಂದಿದ್ದಳು.

ನಾನು ಪ್ರೊಜೆಕ್ಟರು ಹಚ್ಚಲಿಲ್ಲ. “ತಾಯಂದಿರಾ,” ಎಂದೆ, “ಮಷೀನ್ ಬಿಸಿ ಆಗ್ಲಿಕ್ಕ ಒಂದ್ ತಾಸು ಬೇಕಂತ. ಅಲ್ಲೀತನಕ ಯಾರಿಗಾದರೂ ಅಡ್ಡಾಗೋದಿದ್ದರ ಅಡ್ಡಾಗ್ರಿ.” ಹಸಿ ಸುಳ್ಳು. ಈಗಿನ ಮಷೀನು ಬಿಸಿಯಾಗಲು ಎರಡು ನಿಮಿಷವೂ ಬೇಡ. ನೀಲಾ ನನ್ನ ಮುಖ ನೋಡಿ ಸೆರಗಿಲ್ಲದ್ದಕ್ಕೆ ಬಾಯಿಗೆ ಅಂಗೈ ಹಿಡಿದು ನಕ್ಕಳು. ಐದು ನಿಮಿಷಕ್ಕೆ ಭವನ ನಿದ್ದೆ ಹೋಯಿತು. ಸಾಹೇಬರು ಗಡಿಯಾರ ನೋಡಿದರು, ಮಲಗಿದವರನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. “ಇದೇನ್ರೀ ಇದು, ಆಸ್ಪತ್ರೆ ವಾರ್ಡಿನ ಥರ,” ಎಂದು ಪಿಸುಗುಟ್ಟಿದರು.

ಎದ್ದವರಿಗೆ ಚಿತ್ರ ತೋರಿಸಿದೆವು. ಈಗ ಒಬ್ಬಳೂ ತೂಕಡಿಸಲಿಲ್ಲ. ಬಸ್ಸು ಬಂದಾಗ ಒಬ್ಬಳು, “ಹತ್ತಬೇ, ಹತ್ತು!” ಎಂದು ಕೂಗಿಯೇ ಬಿಟ್ಟಳು, ಎಲ್ಲರೂ ನಕ್ಕರು. ಆಕೆ ಕಿಟಕಿಗೆ ತಲೆ ಇಟ್ಟಾಗ ನಗು ನಿಂತಿತು.

ದೀಪ ಹಾಕಿ ಫಾರಮ್ಮು ತೆಗೆದೆ. ಮೊದಲ ಬಾರಿಗೆ ಅದರ ಪ್ರಶ್ನೆಗಳನ್ನು ನಿಜವಾಗಿ ಕೇಳುತ್ತಿದ್ದೆ.

“ಈ ಹೆಣ್ಮಗಳು ಯಾವ ಮಂದಿ ಅನ್ನಸ್ತದ್ರಿ?”

“ನಮ್ಮಾಕಿ,” ಎಂದಳು ಹಣೆಗೆ ವಿಭೂತಿ ಹಚ್ಚಿದ ಒಬ್ಬ ಹಿರಿಯಳು, ತಡಮಾಡದೆ.

“ನಿಮ್ಮಾಕಿ ಹ್ಯಾಂಗಾದಳಬೇ? ಮೂರು ಹೆತ್ತು ನಾಲ್ಕು ವರ್ಷ ಮಲಗಿಲ್ಲಂದ್ರ ಅಕಿ ನಮ್ಮಾಕಿ,” ಎಂದಳು ಮಗ್ಗುಲಲ್ಲಿದ್ದ ಹುಸೇನಬಿ.

“ಇಬ್ಬರದೂ ಅಲ್ಲ, ಅಕಿ ಹೊಲದಾಗ ನನ್ನ ಸಾಲಿನ್ಯಾಗ ಕಳೆ ತಗೀತಾಳ,” ಎಂದು ಹಿಂದಿನಿಂದ ಇನ್ನೊಬ್ಬಳು.

ಕಚೇರಿಯಲ್ಲಿ ಯಾರಿಗೂ ಬೇಡವಾಗಿ ಸೊಲ್ಲಾಪುರಕ್ಕೆ ಹೋದವಳಿಗೆ ಇಲ್ಲಿ ಎಳೆದಾಟ. ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಆತು, ಇದರಾಗ ರಾಜಕೀಯ ಅದ ಏನ್ರಿ?” ಎಂದೆ.

ಎಲ್ಲರೂ ಮೆಲ್ಲಗೆ ಶಾಂತಕ್ಕನ ಕಡೆ ನೋಡಿದರು. ಚಿತ್ರ ಯಾರದು ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಆಕೆ ನೆಲ ನೋಡುತ್ತ ಕೂತಿದ್ದಳು. ನೀಲಾ ಅಕ್ಕನ ಬಳಿ ಹೋಗಲು ಹೆಜ್ಜೆ ಎತ್ತಿದಳು, ನಾನು ಕಣ್ಣಿನಿಂದಲೇ ತಡೆದೆ. ಯಾಕೆ ತಡೆದೆನೋ ಗೊತ್ತಿಲ್ಲ. ಈಗ ಒಂದು ಕೆಟ್ಟ ಮಾತು ಬಂದರೆ ಸಿನಿಮಾ ಹೋಯಿತು, ಅದಕ್ಕಿಂತ ಆ ಹೆಣ್ಣುಮಗಳು ಹೋದಳು.

ಮಾತಾಡಿದವಳು ಕಾಶಮ್ಮ. ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, ಯಾರ ಮುಖವನ್ನೂ ನೋಡದೆ ಪರದೆಯನ್ನೇ ನೋಡುತ್ತ ಹೇಳಿದಳು:

“ನನಗ ಏಳು ಹುಟ್ಟಿದ್ವು. ನಮ್ಮ ಕಾಲಕ್ಕ ಈ ಪುಕ್ಕಟ್ ಬಸ್ ಇದ್ದಿದ್ದಿಲ್ಲರಿ. ಕೈಯಾಗ ಒಂದಾಣೆ ಇರ್ತಿದ್ದಿಲ್ಲ. ಬಸ್ ಇದ್ದಿದ್ದರ ನಾನೂ ಹತ್ತತಿದ್ದೆ. ಹತ್ತಿದ್ದರ ತಿರಗಿ ಬರ್ತಿದ್ದಿಲ್ಲ.”

ನಾನು ಹಿಂದಕ್ಕೆ ತಿರುಗಿ ಕೇಳಿದೆ, “ಸರ್, ನಾಲ್ಕನೇ ಕಾಲಮ್ಮಿಗೆ ಏನು ಬರೀಲಿ?”

ಸಾಹೇಬರು ಗುಳಿಗೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. “ಇದೆ ಅಂತ ಬರೀರಿ. ಮೂರೂ ತಾಲ್ಲೂಕಲ್ಲಿ ತೋರಿಸಬೇಕು ಅಂತಾನೂ ಬರೀರಿ. ನಾನು ಸಹಿ ಹಾಕ್ತೀನಿ. ಮಣ್ಣೂರಿಗೂ ಇನ್ನೊಂದ್ಸಲ ಹೋಗಿ, ಅವರು ಪಾಪ ಸಿನಿಮಾನೇ ನೋಡಿಲ್ಲ.”

ಬರೆದೆ. ‘ಮಹಿಳೆಯರ ಅಭಿಪ್ರಾಯ’ ಎಂಬಲ್ಲಿ ಮುದುಕಿಯ ಮಾತನ್ನು ಆಕೆ ಆಡಿದ ಹಾಗೇ, ಒಂದಕ್ಷರ ತಿದ್ದದೆ ಇಳಿಸಿದೆ. ಪೆನ್ನು ಓಡುವುದನ್ನೇ ನೋಡುತ್ತಿದ್ದ ಕಾಶಮ್ಮ ಕೇಳಿದಳು:

“ಏನ್ ಬರದ್ರಿ? ಓದ್ರಿ ನೋಡೋಣು.”

ಓದಿದೆ. ತನ್ನ ಮಾತು ಸರ್ಕಾರಿ ಕಾಗದದಿಂದ ತನಗೇ ತಿರುಗಿ ಬಂದದ್ದನ್ನು ಆಕೆ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತವಳ ಬೆನ್ನ ಮೇಲೆ ಕೈ ಇಟ್ಟಳು.

“ಅಷ್ಟಕ್ಕಽ ಬಿಡಬ್ಯಾಡ್ರಿ ಮತ್ತ. ಅದರ ಕೆಳಗ ಇನ್ನೊಂದು ಬರಕೋರಿ,” ಎಂದಳು. “ನನ್ನ ಸೊಸಿ ತಿರಗಿ ಬಂದಾಳ.”